ಮಳೆಗಾಲ ದಾಟುವ ಲೈನನ್ನೇ ಆರಿಸಿ

ಬೆಂಗಳೂರಿನ ಬಾಡಿಗೆ ಮನೆ ಖಾಲಿ ಮಾಡಿ ಮಾಸ್ತಿಕಟ್ಟೆ, ಹುಲಿಕಲ್, ಯಡೂರು, ನಗರ, ನಿಟ್ಟೂರು ಕಡೆಯ ಮನೆಗಳಿಗೆ ಮರಳುತ್ತಿರುವ ಮಕ್ಕಳೇ, ಊರಲ್ಲೇ ಕೂತು ಕಂಪನಿ ಕೆಲಸ ಮಾಡುತ್ತೇವೆ, ಜೊತೆಗೆ ಅಪ್ಪ ಅಮ್ಮನನ್ನೂ ತೋಟವನ್ನೂ ನೋಡಿಕೊಳ್ಳುತ್ತೇವೆ ಎಂದು ನೀವು ಹೇಳುವಾಗ ನಮ್ಮ ವಯಸ್ಸಿನವರಿಗೆ ಆಗುವ ಸಂತೋಷ ದೊಡ್ಡದು. ವಯಸ್ಸಾದ ಇಬ್ಬರೇ ಉಳಿದಿದ್ದ ಮನೆಗಳ ಜಗಲಿಯಲ್ಲಿ ಮತ್ತೆ ಮಾತುಕತೆ ಕೇಳುತ್ತಿದೆ. ನೀವು ಇಲ್ಲಿ ನಿಲ್ಲುತ್ತೀರೋ ಇಲ್ಲವೋ ಎನ್ನುವುದು ಈಗ ಅಡಿಕೆ ದರದಷ್ಟೇ ಮನೆಗೆ ಬರುವ ಇಂಟರ್‌ನೆಟ್ ಲೈನಿನ ಮೇಲೂ ನಿಂತಿದೆ. ಆ ಲೈನ್ ಆರಿಸುವ ಮುಂಚೆ ನನ್ನ ನಾಲ್ಕು ಮಾತು ಕೇಳಿ.

ಕಂಪನಿಯವರು ಹೇಳುವ ವೇಗ ಕೊನೆಗೆ ನೋಡಬೇಕಾದ ಸಂಗತಿ. ಪುನರ್ವಸು, ಪುಷ್ಯ ಮಳೆಯಲ್ಲೂ ನಿಲ್ಲುವ ಲೈನ್ ಯಾವುದು? ಕಡಿದುಹೋದರೆ ಸರಿಮಾಡಲು ಬರುವವರು ಯಾರು? ರಾತ್ರಿ ಎಂಟು ಗಂಟೆಗೆ ನಿಜವಾಗಿ ಎಷ್ಟು ಸಿಗುತ್ತದೆ? ಮೊದಲು ಇವನ್ನು ಕೇಳಿ. ನಾನು ಮುಂದೆ ಹೇಳುವುದೆಲ್ಲ ಈ ಮೂರು ಪ್ರಶ್ನೆಗಳ ಸುತ್ತಲಿನದೇ.

ಈ ಸೌಲಭ್ಯ ಮಲೆನಾಡಿಗೆ ಸುಲಭವಾಗಿ ಬಂದದ್ದಲ್ಲ ಎನ್ನುವುದು ನಿಮಗೂ ಗೊತ್ತು. 2020ರಲ್ಲಿ ಕೊರೊನಾ ಬಂದು ಶಾಲೆ ಕಾಲೇಜು ಮುಚ್ಚಿದಾಗ ಎಷ್ಟೋ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿದರು. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ಹಳ್ಳಿಯೊಂದರಲ್ಲಿ, ರಸ್ತೆ ಬದಿಯಲ್ಲಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ ಅಪ್ಪ ಮಳೆಯಲ್ಲಿ ಕೊಡೆ ಹಿಡಿದು ನಿಂತಿದ್ದ ಚಿತ್ರವನ್ನು ಇಡೀ ದೇಶ ನೋಡಿತು. ನಮ್ಮ ಪಕ್ಕದ ಸಾಗರ ತಾಲ್ಲೂಕಿನಲ್ಲಿ, ಶರಾವತಿ ಹಿನ್ನೀರಿನ ಆಚೆಯ ಕರೂರು, ಬಾರಂಗಿ ಹೋಬಳಿಗಳ ಜನ ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಎಂದು ಹೋರಾಟಕ್ಕೇ ಇಳಿದರು. ಅಷ್ಟು ಕಾದು, ಅಷ್ಟು ಕೇಳಿ ಬಂದ ಸೌಲಭ್ಯ ಇದು. ಪೇಟೆಯ ಫ್ಲೆಕ್ಸ್ ಬೋರ್ಡಿನಲ್ಲಿ ದಪ್ಪಕ್ಷರದಲ್ಲಿ ಬರೆದ ಒಂದು ಅಂಕಿ ನೋಡಿ ಹಣ ಕಟ್ಟಿಬಿಡಬೇಡಿ.

ಮೊದಲು ಆ ಅಂಕಿಗಳನ್ನು ಒಂದೇ ಅಳತೆಗೆ ತನ್ನಿ. ಒಬ್ಬರು 60 ಎಂಬಿಪಿಎಸ್ ಎನ್ನುತ್ತಾರೆ, ಇನ್ನೊಬ್ಬರು 100ರವರೆಗೆ ಎನ್ನುತ್ತಾರೆ, ಮತ್ತೊಬ್ಬರು ಸೆಕೆಂಡಿಗೆ 12 ಎಂಬಿ ಇಳಿಯುತ್ತದೆ ಎನ್ನುತ್ತಾರೆ. ಎಂಬಿಪಿಎಸ್ ಎಂದರೆ ಸೆಕೆಂಡಿಗೆ ಎಷ್ಟು ಮೆಗಾಬಿಟ್ ಎಂಬ ಲೆಕ್ಕ. ಫೈಲ್ ಇಳಿಯುವಾಗ ಕಂಪ್ಯೂಟರ್ ಸಾಮಾನ್ಯವಾಗಿ ತೋರಿಸುವುದು ಮೆಗಾಬೈಟಿನ ಲೆಕ್ಕ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ 40 ಎಂಬಿಪಿಎಸ್ ಲೈನಿನಲ್ಲಿ ಸೆಕೆಂಡಿಗೆ 5 ಮೆಗಾಬೈಟ್ ಇಳಿದರೆ ಅದರಲ್ಲಿ ಮೋಸವಿಲ್ಲ. ಸೆಕೆಂಡಿಗೆ 12 ಮೆಗಾಬೈಟ್ ಎಂದವರ ಲೈನ್ 96 ಎಂಬಿಪಿಎಸ್ ಆಯಿತು. 100 ಎಂದವರಿಗೂ ಅವರಿಗೂ ಹೆಚ್ಚು ವ್ಯತ್ಯಾಸ ಉಳಿಯಲಿಲ್ಲ. 1 ಜಿಬಿಯ ಫೈಲ್ ಇಳಿಯಲು 40ರ ಲೈನಿನಲ್ಲಿ 200 ಸೆಕೆಂಡ್ ಬೇಕು, 100ರಲ್ಲಿ 80 ಸೆಕೆಂಡ್ ಸಾಕು. ದಿನಕ್ಕೆ ಹತ್ತಾರು ದೊಡ್ಡ ಫೈಲ್ ಇಳಿಸುವವರಿಗೆ ಈ ಎರಡು ನಿಮಿಷ ದೊಡ್ಡದು. ಉಳಿದವರು ಅದಕ್ಕಾಗಿ ಪ್ರತಿ ತಿಂಗಳು ಹೆಚ್ಚು ಹಣ ಕೊಡಬೇಕೇ ಎಂದು ಯೋಚಿಸಿ.

ಇನ್ನು ‘ವರೆಗೆ’ ಎನ್ನುವ ಮಾತು. 100ರವರೆಗೆ ಎಂದರೆ ಅದಕ್ಕಿಂತ ಮೇಲೆ ಹೋಗುವುದಿಲ್ಲ ಎಂದಷ್ಟೇ ಅರ್ಥ. ಕೆಳಗೆ ಎಲ್ಲಿಗೆ ಇಳಿಯುತ್ತದೆ ಎಂದು ಅದು ಹೇಳುವುದಿಲ್ಲ. 2023ರ ಜನವರಿಯಿಂದ ನಮ್ಮ ದೇಶದಲ್ಲಿ ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳಲು ಬೇಕಾದ ಕನಿಷ್ಠ ಡೌನ್‌ಲೋಡ್ ವೇಗ 2 ಎಂಬಿಪಿಎಸ್. 2004ರ ನೀತಿಯಲ್ಲಿ 256 ಕೆಬಿಪಿಎಸ್, 2013ರಲ್ಲಿ 512 ಇದ್ದದ್ದು ಏರಿ ಇಲ್ಲಿಗೆ ಬಂದಿದೆ. ಬೋರ್ಡಿನ 100ಕ್ಕೂ ನಿಯಮದ 2ಕ್ಕೂ ನಡುವೆ ಎಷ್ಟು ಅಂತರವಿದೆ ನೋಡಿ. ನಿಮ್ಮ ಮನೆಗೆ ಸಿಗುವ ವೇಗ ಆ ಅಂತರದಲ್ಲಿ ಎಲ್ಲೋ ಇರುತ್ತದೆ.

ಅದು ಏರಿಳಿಯಲು ಕಾರಣವಿದೆ. ಮನೆಮನೆಗೆ ಬರುವ ಫೈಬರ್ ಒಂಟಿ ಲೈನಲ್ಲ. ಸಾಮಾನ್ಯವಾಗಿ ಎಕ್ಸ್‌ಚೇಂಜಿನ ಯಂತ್ರದ ಒಂದು ಪೋರ್ಟಿನಿಂದ ಹೊರಡುವ ಸುಮಾರು 2.5 ಗಿಗಾಬಿಟ್ ಸಾಮರ್ಥ್ಯವನ್ನು 32 ಅಥವಾ 64 ಮನೆಗಳಿಗೆ ಹಂಚುತ್ತಾರೆ. ಊರಿನಿಂದ ಹೊರಗೆ, ಹೊಸನಗರ, ತೀರ್ಥಹಳ್ಳಿ, ಶಿವಮೊಗ್ಗದ ಕಡೆ ಹೋಗುವ ದೊಡ್ಡ ಲೈನನ್ನು ಇನ್ನೂ ಹೆಚ್ಚು ಜನ ಹಂಚಿಕೊಳ್ಳುತ್ತಾರೆ. ಗುಡ್ಡದ ಅಬ್ಬಿ ನೀರನ್ನು ದಬ್ಬೆಯಲ್ಲಿ ಕೇರಿಗೆ ತಂದಾಗ ಎಲ್ಲ ಮನೆಯವರೂ ಒಟ್ಟಿಗೆ ಕೊಡ ಹಿಡಿದರೆ ಧಾರೆ ಸಣ್ಣಗಾಗುತ್ತದಲ್ಲ, ಹಾಗೇ ಇದು. ಸಂಜೆ ದೀಪ ಹಚ್ಚಿದ ಮೇಲೆ ಎಲ್ಲರ ಮನೆಯ ಟಿವಿಯೂ ಓಡುತ್ತದೆ, ಮಕ್ಕಳ ಮೊಬೈಲೂ ಓಡುತ್ತದೆ. ಬೆಳಿಗ್ಗೆ ಹತ್ತಕ್ಕೆ 90 ತೋರಿಸಿದ ಲೈನ್ ರಾತ್ರಿ ಎಂಟೂವರೆಗೆ 15ಕ್ಕೆ ಇಳಿದರೆ ಆ ಕಂಪನಿ ಹಂಚಿಕೆ ಸರಿಯಾಗಿ ಮಾಡಿಲ್ಲ ಎಂದು ತಿಳಿಯಿರಿ. ಹಗಲೂ ರಾತ್ರಿಯೂ 40 ಕೊಡುವ ಲೈನ್ ಅದಕ್ಕಿಂತ ನೂರು ಪಾಲು ಮೇಲು. ಅಮೆರಿಕದ ಕಂಪನಿಗೆ ಕೆಲಸ ಮಾಡುವವರಿಗೆ ಮೀಟಿಂಗ್ ಬರುವುದೇ ಸಂಜೆಯ ಮೇಲೆ ಎನ್ನುವುದನ್ನೂ ನೆನಪಿಡಿ.

ಆಮೇಲೆ ನಿಮ್ಮ ಮನೆಗೆ ಎಷ್ಟು ಬೇಕು ಎಂದು ಕಾಗದದ ಮೇಲೆ ಬರೆಯಿರಿ. ಒಂದು ಒಳ್ಳೆಯ ವಿಡಿಯೊ ಮೀಟಿಂಗಿಗೆ 4 ಎಂಬಿಪಿಎಸ್ ಸಾಕು. ಎಚ್‌ಡಿ ಸಿನಿಮಾಕ್ಕೆ 5, ತುಂಬ ಸ್ಪಷ್ಟವಾದ 4ಕೆ ಚಿತ್ರಕ್ಕೆ 15 ಬೇಕಾಗುತ್ತದೆ. ನೀವು ಮೀಟಿಂಗಿನಲ್ಲಿದ್ದೀರಿ, ಮಗು ಪಾಠ ಕೇಳುತ್ತಿದೆ, ಅಮ್ಮ ಟಿವಿಯಲ್ಲಿ ಧಾರಾವಾಹಿ ನೋಡುತ್ತಿದ್ದಾರೆ, ಅಪ್ಪ ಮೊಬೈಲಿನಲ್ಲಿ ಯಕ್ಷಗಾನ ಹಾಕಿಕೊಂಡಿದ್ದಾರೆ, ಅಡಿಕೆ ಒಣಗಿಸುವ ಅಂಗಳಕ್ಕೆ ಒಂದು ಕ್ಯಾಮೆರಾ ಇದೆ ಎಂದುಕೊಳ್ಳಿ. ಎಲ್ಲ ಕೂಡಿಸಿದರೂ 20ರಿಂದ 25 ದಾಟುವುದಿಲ್ಲ. ಅಂದರೆ ನಿಜವಾಗಿ 40 ಸಿಗುವ ಲೈನ್ ಇಂಥ ಮನೆಗೆ ಧಾರಾಳವಾಯಿತು. 200, 300 ಎಂಬ ದೊಡ್ಡ ಪ್ಯಾಕೇಜಿನ ಹಣ ಅಲ್ಲೇ ಉಳಿಯಿತು.

ಇಲ್ಲಿ ಬಹಳ ಜನ ಕೇಳದೇ ಬಿಡುವ ಒಂದು ಪ್ರಶ್ನೆ ಅಪ್‌ಲೋಡಿನದು. ಬೋರ್ಡಿನಲ್ಲಿ ಬರೆಯುವುದು ಇಳಿಸಿಕೊಳ್ಳುವ ವೇಗ. ಮೀಟಿಂಗಿನಲ್ಲಿ ನಿಮ್ಮ ಮುಖ, ನಿಮ್ಮ ಮಾತು ಆಚೆಗೆ ಹೋಗುವುದು, ಅಂಗಳದ ಕ್ಯಾಮೆರಾದ ಚಿತ್ರ ಹೋಗುವುದು, ನೀವು ಮಾಡಿದ ಕೆಲಸವನ್ನು ಕಂಪನಿಗೆ ಕಳಿಸುವುದು, ಎಲ್ಲ ಏರಿಸುವ ವೇಗದಲ್ಲಿ. ಕೆಲವರು ಎರಡೂ ಕಡೆಗೆ ಸಮ ಕೊಡುತ್ತಾರೆ, ಕೆಲವರು ಏರಿಸುವುದಕ್ಕೆ ಬಹಳ ಕಡಿಮೆ ಕೊಡುತ್ತಾರೆ. ಮನೆಯಿಂದ ಕೆಲಸ ಮಾಡುವವರು ಅಪ್‌ಲೋಡ್ 10ಕ್ಕಿಂತ ಕಡಿಮೆ ಇರುವ ಲೈನ್ ಹಿಡಿಯಬೇಡಿ. ಪಿಂಗ್ ಎಷ್ಟು ಎಂದೂ ನೋಡಿ. ನಿಮ್ಮ ಸಂದೇಶ ಹೋಗಿ ಉತ್ತರ ಮರಳಲು ಹಿಡಿಯುವ ಹೊತ್ತು ಅದು. 50 ಮಿಲಿಸೆಕೆಂಡಿನ ಒಳಗಿದ್ದರೆ ಮಾತು ಸರಾಗ. ಅದು ಒಮ್ಮೆ 30, ಒಮ್ಮೆ 400 ಎಂದು ಜಿಗಿಯುತ್ತಿದ್ದರೆ ವೇಗ ಎಷ್ಟೇ ಇದ್ದರೂ ಮೀಟಿಂಗಿನಲ್ಲಿ ಮಾತು ತುಂಡಾಗುತ್ತದೆ.

‘ಅನ್‌ಲಿಮಿಟೆಡ್’ ಎಂದಾಗಲೂ ಒಂದು ಮಿತಿ ಇರುತ್ತದೆ. ಫೈಬರ್ ಪ್ಯಾಕೇಜುಗಳಲ್ಲಿ ತಿಂಗಳಿಗೆ 3300 ಜಿಬಿ ಎಂಬ ಅಂಕಿಯನ್ನು ನೀವು ಮತ್ತೆ ಮತ್ತೆ ಕಾಣುತ್ತೀರಿ. ಅದು ಮುಗಿದರೆ ವೇಗ 2 ಅಥವಾ 4 ಎಂಬಿಪಿಎಸ್‌ಗೆ ಇಳಿಯಬಹುದು. ಇದಕ್ಕೆ ಹೆದರಬೇಕಿಲ್ಲ. ಎಚ್‌ಡಿ ಸಿನಿಮಾ ಗಂಟೆಗೆ ಸುಮಾರು ಎರಡೂಕಾಲು ಜಿಬಿ ತಿನ್ನುತ್ತದೆ. ಎರಡು ಟಿವಿಗಳನ್ನು 30 ದಿನ ಹಗಲು ರಾತ್ರಿ ಓಡಿಸಿದರೂ 3300 ಮುಗಿಯುವುದಿಲ್ಲ. ಗಾಳಿಯಲ್ಲಿ ಬರುವ ಏರ್‌ಫೈಬರ್ ಥರದ ಸೇವೆಗಳಲ್ಲಿ 1000 ಜಿಬಿ ಮಿತಿ ಇರಬಹುದು. ದಿನಕ್ಕೆ 33 ಜಿಬಿ ಆಯಿತು, ಅದೂ ಒಂದು ಮನೆಗೆ ಸಾಕು. ಎಚ್ಚರ ಬೇಕಾದದ್ದು ಮೊಬೈಲ್ ಹಾಟ್‌ಸ್ಪಾಟ್ ನಂಬುವವರಿಗೆ. ದಿನಕ್ಕೆ 2 ಜಿಬಿಯ ಪ್ಯಾಕಿನಲ್ಲಿ ಒಂದು ಗಂಟೆಯ ಎಚ್‌ಡಿ ವಿಡಿಯೊ ಕೂಡ ಪೂರ್ತಿ ಆಗುವುದಿಲ್ಲ. ಮಿತಿ ಎಷ್ಟು, ಮಿತಿಯ ನಂತರ ವೇಗ ಎಷ್ಟು ಎಂದು ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2016ರಲ್ಲೇ ಕಂಪನಿಗಳಿಗೆ ಹೇಳಿದೆ. ಕೇಳುವುದು ನಿಮ್ಮ ಹಕ್ಕು, ಸಂಕೋಚ ಬೇಡ.

ಈಗ ನಮ್ಮ ಊರಿನ ನಿಜವಾದ ಪರೀಕ್ಷೆಗೆ ಬರುತ್ತೇನೆ. ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಬೀಳುವ ಜಾಗಗಳನ್ನು ಹೆಸರಿಸುವಾಗ ಆಗುಂಬೆಯ ಜೊತೆ ಹುಲಿಕಲ್, ಮಾಸ್ತಿಕಟ್ಟೆ, ಯಡೂರು ಬಂದೇ ಬರುತ್ತವೆ. ಬಯಲುಸೀಮೆಯಲ್ಲಿ ಕೂತವರು ಬರೆದ ಪ್ಯಾಕೇಜಿಗೆ ಈ ಮಳೆ ಗೊತ್ತಿಲ್ಲ. ಇಲ್ಲಿ ಮರ ಬೀಳುತ್ತದೆ, ಧರೆ ಕುಸಿಯುತ್ತದೆ, ಕಂಬ ವಾಲುತ್ತದೆ. ನಿಮ್ಮ ಮನೆಗೆ ಬರುವ ಲೈನ್ ಯಾವ ಬಗೆಯದು, ಯಾವ ದಾರಿಯಲ್ಲಿ ಬರುತ್ತದೆ ಎಂದು ಮೊದಲು ತಿಳಿದುಕೊಳ್ಳಿ.

ಹಳೆಯ ಲ್ಯಾಂಡ್‌ಲೈನಿನ ತಾಮ್ರದ ತಂತಿಯಲ್ಲಿ ಬರುವ ಇಂಟರ್‌ನೆಟ್, ಎಕ್ಸ್‌ಚೇಂಜಿನಿಂದ ಮನೆ ದೂರವಾದಷ್ಟೂ ನಿಧಾನ. ಜಾಯಿಂಟಿಗೆ ನೀರು ಇಳಿದರೆ ಕೆಡುತ್ತದೆ, ಸಿಡಿಲಿಗೆ ಮೋಡೆಮ್ ಸುಡುತ್ತದೆ. ಅದಿನ್ನೂ ಇರುವ ಕಡೆ ಫೈಬರಿಗೆ ಬದಲಾಯಿಸಿಕೊಡಲು ಕೇಳಿ. ಫೈಬರ್ ಗಾಜಿನ ಎಳೆ. ನೀರಿಗೂ ದೂರಕ್ಕೂ ಅಷ್ಟಾಗಿ ಬಗ್ಗದು, ವಿದ್ಯುತ್ತನ್ನು ಹರಿಸದು. ಆದರೆ ಮರ ಬಿದ್ದರೆ ತುಂಡಾಗುತ್ತದೆ. ತುಂಡಾದ ಗಾಜಿನ ಎಳೆಯನ್ನು ಕೈಯಲ್ಲಿ ತಿರುಪಿ ಗಂಟು ಹಾಕಲು ಬರುವುದಿಲ್ಲ. ಅದನ್ನು ಬೆಸೆಯುವ ಸ್ಪ್ಲೈಸಿಂಗ್ ಯಂತ್ರ ಬೇಕು, ಅದನ್ನು ಬಳಸಲು ಬರುವ ಹುಡುಗ ಬೇಕು.

ಗಾಳಿಯಲ್ಲಿ ಬರುವ 5ಜಿ ಸೇವೆಗೆ ಮನೆಯ ಮಾಡಿನ ಮೇಲೆ ಒಂದು ಪೆಟ್ಟಿಗೆ ಕೂರಿಸುತ್ತಾರೆ. 2023ರಲ್ಲಿ ಏರ್‌ಟೆಲ್, ಜಿಯೊ ಎರಡೂ ಇಂಥ ಏರ್‌ಫೈಬರ್ ಸೇವೆ ಆರಂಭಿಸಿದವು. ಕಂಬ ಬೇಡ, ತಂತಿ ಬೇಡ ಎನ್ನುವುದು ಮಲೆನಾಡಿಗೆ ಒಳ್ಳೆಯ ಸಂಗತಿಯೇ. ಆದರೆ ಟವರಿಗೂ ನಿಮ್ಮ ಮನೆಗೂ ನಡುವೆ ಗುಡ್ಡ ಬಂದರೆ, ದಟ್ಟ ಕಾನು ಬಂದರೆ ಸಿಗ್ನಲ್ ಸೋಲುತ್ತದೆ. ಕಣಿವೆಯಲ್ಲಿ ತೋಟದ ಅಂಚಿಗೆ ಕಟ್ಟಿದ ನಮ್ಮ ಹೆಚ್ಚಿನ ಮನೆಗಳಿಗೆ ಇದೇ ತೊಡಕು. ಆ ಸೇವೆ ಹಾಕಿಸುವುದಾದರೆ ಮಾಡು ಹತ್ತಿ ಅಲ್ಲೇ ಪರೀಕ್ಷೆ ಮಾಡಿಸಿ, ಅಂಕಿ ನೋಡಿದ ಮೇಲೆ ಹಣ ಕೊಡಿ.

ಲೈನ್ ಯಾವುದೇ ಇರಲಿ, ಅದು ನಿಲ್ಲುವುದು ಕರೆಂಟಿನ ಮೇಲೆ. ನಮ್ಮ ಪಕ್ಕದ ಮಾಣಿ ಅಣೆಕಟ್ಟಿನ ನೀರು ಘಟ್ಟ ಇಳಿದು ಹೊಸಂಗಡಿಯ ನೆಲದೊಳಗಿನ ವಾರಾಹಿ ವಿದ್ಯುದಾಗಾರದಲ್ಲಿ 460 ಮೆಗಾವಾಟ್‌ವರೆಗೆ ವಿದ್ಯುತ್ ಕೊಡುತ್ತದೆ. ಅದು ದೊಡ್ಡ ಗೋಪುರಗಳ ಲೈನಿನಲ್ಲಿ ನಾಡಿಗೆ ಹೋಗುವ ವಿದ್ಯುತ್. ನಮ್ಮ ಮನೆಗಳಿಗೆ ಬರುವುದು ಮರಗಳ ನಡುವೆ ಹಾದುಬರುವ ಮೆಸ್ಕಾಂ ತಂತಿ. ಗಾಳಿ ಮಳೆ ಜೋರಾದರೆ ಅದು ಒಂದು ದಿನ, ಕೆಲವೊಮ್ಮೆ ಹಲವು ದಿನ ಹೋಗುತ್ತದೆ. ರೌಟರಿಗೆ ಬೇಕಾಗುವುದು ಹತ್ತು ಹದಿನೈದು ವಾಟ್ ಮಾತ್ರ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಪಾಯಿಂಟಿಗೆ ಸೇರಿಸಿ. ಇಲ್ಲದಿದ್ದರೆ ರೌಟರಿಗೆಂದೇ ಸಿಗುವ ಪುಟ್ಟ ಯುಪಿಎಸ್ ತನ್ನಿ. ರೌಟರಿನ ಅಡಾಪ್ಟರಿನಲ್ಲಿ ಬರೆದ ವೋಲ್ಟೇಜೇ ಅದರಲ್ಲೂ ಇರಲಿ. ಆದರೆ ನಿಮ್ಮ ಮನೆಯ ರೌಟರ್ ಒಂದೇ ಉರಿದರೆ ಸಾಲದು. ಊರಿನ ಯಂತ್ರದ ಪೆಟ್ಟಿಗೆಗೆ ಅಥವಾ ಟವರಿಗೆ ಬ್ಯಾಟರಿ ಎಷ್ಟು ಗಂಟೆ ಬರುತ್ತದೆ, ಅದು ಮುಗಿದರೆ ಜನರೇಟರಿಗೆ ಡೀಸೆಲ್ ಹಾಕುವವರು ಇದ್ದಾರೆಯೇ ಎಂದು ಕೇಳಿ. ಈ ಪ್ರಶ್ನೆಗೆ ನೇರ ಉತ್ತರ ಕೊಡುವ ಕಂಪನಿಯನ್ನು ನಾನು ಹೆಚ್ಚು ನಂಬುತ್ತೇನೆ.

ಸಿಡಿಲಿನ ಬಗ್ಗೆಯೂ ಒಂದು ಮಾತು. ಫೈಬರ್ ಎಳೆ ಸಿಡಿಲನ್ನು ತರದಿದ್ದರೂ, ಅದನ್ನು ಹೊತ್ತ ಕಬ್ಬಿಣದ ತಂತಿ ಮತ್ತು ಮನೆಯ ಕರೆಂಟ್ ತರುತ್ತವೆ. ಮುಂಗಾರಿಗೆ ಮುಂಚಿನ ಗುಡುಗು ಮಳೆಯಲ್ಲೂ ಹಿಂಗಾರಿನಲ್ಲೂ ಗುಡುಗು ದೂರದಲ್ಲಿರುವಾಗಲೇ ಅಡಾಪ್ಟರ್ ಕಿತ್ತಿಡಿ.

ಕಡಿದರೆ ಕಟ್ಟುವವರು ಯಾರು ಎನ್ನುವುದು ಇಷ್ಟೇ ಮುಖ್ಯ. ನಮ್ಮ ಹಳ್ಳಿಗಳಲ್ಲಿ ಬಿಎಸ್‌ಎನ್‌ಎಲ್ ಫೈಬರನ್ನು ಬಹಳ ಕಡೆ ಸ್ಥಳೀಯ ಪಾಲುದಾರರು, ಕೇಬಲ್ ಟಿವಿಯವರು ಮನೆಗೆ ಎಳೆದುಕೊಡುತ್ತಾರೆ. ಹೆಸರು ದೊಡ್ಡದಿದ್ದರೂ ಸಣ್ಣದಿದ್ದರೂ ಮಳೆಯಲ್ಲಿ ಏಣಿ ಹಿಡಿದು ಬರುವವನು ಒಬ್ಬ ಹುಡುಗ. ಅವನು ಯಾವ ಊರಿನವನು, ಅವನಿಗೆ ಎಷ್ಟು ಹಳ್ಳಿ ವಹಿಸಿದ್ದಾರೆ, ಸ್ಪ್ಲೈಸಿಂಗ್ ಯಂತ್ರ ಹೊಸನಗರದಲ್ಲಿದೆಯೇ, ತೀರ್ಥಹಳ್ಳಿಯಲ್ಲಿದೆಯೇ, ಶಿವಮೊಗ್ಗದಿಂದ ಬರಬೇಕೇ ಎಂದು ವಿಚಾರಿಸಿ. ಯಂತ್ರ ಹತ್ತಿರವಿದ್ದರೆ ಲೈನ್ ಸಂಜೆಗೆ ಸರಿಹೋಗುತ್ತದೆ, ದೂರವಿದ್ದರೆ ವಾರ ಹಿಡಿಯುತ್ತದೆ. ಅವನ ಜೊತೆ ಸೌಜನ್ಯದಿಂದ ನಡೆದುಕೊಳ್ಳಿ. ಜಿಗಣೆ ಕಚ್ಚಿಸಿಕೊಂಡು, ಒದ್ದೆಯಾಗಿ, ಜಾರುವ ಕಂಬ ಹತ್ತುವ ಕೆಲಸ ಅವನದು. ಬಂದಾಗ ಒಂದು ಲೋಟ ಕಾಫಿ ಕೊಡಿ. ಲೈನಿನ ಮೇಲೆ ಬಾಗಿರುವ ನಿಮ್ಮ ಜಾಗದ ಕೊಂಬೆಗಳನ್ನು ಮೇ ತಿಂಗಳಲ್ಲೇ ಸವರಿಸಿಡಿ. ಹತ್ತಿರದಲ್ಲಿ ಕರೆಂಟ್ ತಂತಿ ಇದ್ದರೆ ಮಾತ್ರ ನೀವು ಕೈಹಾಕಬೇಡಿ, ಮೆಸ್ಕಾಂನವರಿಗೆ ಹೇಳಿ.

ಹಣದ ಲೆಕ್ಕವನ್ನು ತಿಂಗಳಿನದಲ್ಲ, ವರ್ಷದ್ದು ಮಾಡಿ. ಉದಾಹರಣೆಗೆ 499 ರೂಪಾಯಿ ಎಂದು ಬರೆದರೆ ಶೇಕಡ 18 ಜಿಎಸ್‌ಟಿ ಸೇರಿ 589 ಆಗುತ್ತದೆ, 599 ಎಂದರೆ 707. ಇನ್ನೊಬ್ಬರು ಎಲ್ಲ ಸೇರಿ 700 ಎಂದರೆ ಅವರು 599ರವರಿಗಿಂತ ದುಬಾರಿಯಲ್ಲ. ತಿಂಗಳ ಪ್ಯಾಕ್ ಎಂದದ್ದು 28 ದಿನದ್ದಾದರೆ ವರ್ಷಕ್ಕೆ 13 ಸಲ ಕಟ್ಟಬೇಕು. ಮೋಡೆಮ್ ಅವರದೋ ನಿಮ್ಮದೋ, ಠೇವಣಿ ವಾಪಸ್ ಬರುತ್ತದೆಯೇ, ಕಂಬದಿಂದ ಮನೆವರೆಗಿನ ಕೇಬಲಿಗೆ ಮೀಟರಿನ ಲೆಕ್ಕದಲ್ಲಿ ಹಣ ತೆಗೆದುಕೊಳ್ಳುತ್ತಾರೆಯೇ ಎಂದು ಕೇಳಿ. ರಸ್ತೆಯಿಂದ ತೋಟ ದಾಟಿ ಒಳಗಿರುವ ಮನೆಗಳಿಗೆ ಈ ಕೊನೆಯ ಖರ್ಚೇ ದೊಡ್ಡದಾಗುತ್ತದೆ. ಜೊತೆಗೆ ಕೊಡುವ ಸಿನಿಮಾ ಆ್ಯಪ್‌ಗಳನ್ನು ನೀವು ನೋಡುವುದಿಲ್ಲವಾದರೆ ಅವಕ್ಕೆ ಬೆಲೆ ಕಟ್ಟಬೇಡಿ.

ಈ ವಾರ್ಷಿಕ ಲೆಕ್ಕದಲ್ಲಿ ಲೈನ್ ನಡೆಯದ ದಿನಗಳನ್ನೂ ಸೇರಿಸಿ. 589 ರೂಪಾಯಿಯ ಲೈನ್ ವರ್ಷಕ್ಕೆ 15 ದಿನ ನಿಂತರೆ, ನಡೆದ ಒಂದೊಂದು ದಿನಕ್ಕೆ ಸುಮಾರು 20 ರೂಪಾಯಿ ಬೀಳುತ್ತದೆ. ಹೆಚ್ಚು ವೇಗದ 707 ರೂಪಾಯಿಯದು ಮಳೆಗಾಲದಲ್ಲಿ 60 ದಿನ ನಿಂತರೆ ದಿನಕ್ಕೆ 28 ಆಯಿತು. ಇಷ್ಟರಲ್ಲಿ ನಿಮ್ಮ ರಜೆ, ನಿಮ್ಮ ಮ್ಯಾನೇಜರಿನ ಅಸಮಾಧಾನ, ಹೊಸನಗರಕ್ಕೋ ತೀರ್ಥಹಳ್ಳಿಗೋ ಹೋಗಿ ಪರಿಚಯದವರ ಮನೆಯಲ್ಲಿ ಕೂತು ಕೆಲಸ ಮಾಡಿದ ಖರ್ಚು ಸೇರಿಲ್ಲ. ವೇಗ ಹೆಚ್ಚಿದ್ದ ಲೈನೇ ದುಬಾರಿಯಾಗಿ ಬಿದ್ದಿತು.

ಆದ್ದರಿಂದ ಫೆಬ್ರವರಿ, ಮಾರ್ಚ್‌ನಲ್ಲಿ ಲೈನ್ ಹಾಕಿಸಿ, ಚೆನ್ನಾಗಿದೆ ಎಂದು ಒಟ್ಟಿಗೆ ವರ್ಷದ ಹಣ ಕಟ್ಟಬೇಡಿ. ಒಂದು ತಿಂಗಳು ಉಚಿತ ಎಂಬ ಆಸೆಯನ್ನು ತಡೆದುಕೊಳ್ಳಿ. ಬೇಸಿಗೆಯಲ್ಲಿ ಎಲ್ಲ ಲೈನೂ ಒಳ್ಳೆಯದೇ. ತಿಂಗಳು ತಿಂಗಳು ಕಟ್ಟುತ್ತ ಆಶ್ಲೇಷ ಮಳೆ ದಾಟಿಸಿ. ಆಮೇಲೂ ಮನಸ್ಸಿಗೆ ಒಪ್ಪಿದರೆ ವರ್ಷದ್ದು ಕಟ್ಟಿ.

ಹಾಕಿಸುವ ಮುಂಚೆ ಅದೇ ಲೈನ್ ಇರುವ ಅಕ್ಕಪಕ್ಕದ ಮನೆಗೆ ಹೋಗಿ. ಪೇಟೆಯ ನೆಂಟರು ಹೊಗಳಿದ್ದು ನಮಗೆ ಉಪಯೋಗವಿಲ್ಲ. ನಿಮ್ಮ ಕೇರಿಯ ಕಂಬದಿಂದಲೇ ಲೈನ್ ಪಡೆದವರ ಮಾತು ಬೇಕು. ಅವರ ಮನೆಯಲ್ಲಿ ಬೆಳಿಗ್ಗೆ ಒಮ್ಮೆ, ರಾತ್ರಿ ಎಂಟು ಒಂಬತ್ತರ ನಡುವೆ ಒಮ್ಮೆ, ಜೋರು ಮಳೆ ಹೊಡೆಯುವಾಗ ಒಮ್ಮೆ ಸ್ಪೀಡ್‌ಟೆಸ್ಟ್ ಮಾಡಿ ಇಳಿಕೆ, ಏರಿಕೆ, ಪಿಂಗ್ ಮೂರನ್ನೂ ಬರೆದುಕೊಳ್ಳಿ. ಕಳೆದ ಜುಲೈಯಲ್ಲಿ ಎಷ್ಟು ದಿನ ಇರಲಿಲ್ಲ ಎಂದು ಕೇಳಿ. ಆ ಮನೆಯ ಗೃಹಿಣಿಯನ್ನು ಕೇಳಿದರೆ ಇನ್ನೂ ಒಳ್ಳೆಯದು. ಯಾವತ್ತು ಹೋಯಿತು, ಯಾವತ್ತು ಬಂತು ಎಂದು ಅವರಿಗೆ ನೆನಪಿರುತ್ತದೆ.

ಲೈನ್ ಬಂದ ಮೇಲೆ ಮನೆಯೊಳಗಿನ ಕೆಲಸ ನಿಮ್ಮದು. ವೇಗ ಸಿಗುತ್ತಿಲ್ಲ ಎಂದು ದೂರುವ ಎಷ್ಟೋ ಮನೆಗಳಲ್ಲಿ ತೊಂದರೆ ಇರುವುದು ಗೋಡೆಯಲ್ಲಿ. ನಮ್ಮ ಹಳೆಯ ಮನೆಗಳ ಮಣ್ಣಿನ ಗೋಡೆ, ಜಂಬಿಟ್ಟಿಗೆ ಗೋಡೆ ದಪ್ಪ. ಜಗಲಿಯ ಮೂಲೆಯಲ್ಲಿ ರೌಟರ್ ಇಟ್ಟು ಉಪ್ಪರಿಗೆಯಲ್ಲಿ ಕೆಲಸಕ್ಕೆ ಕೂತರೆ 100ರಲ್ಲಿ 10 ತಲುಪುವುದೂ ಕಷ್ಟ. ರೌಟರನ್ನು ಮನೆಯ ನಡುವೆ, ಎತ್ತರದಲ್ಲಿ, ಕಬ್ಬಿಣದ ಬೀರುವಿನಿಂದ ದೂರ ಇಡಿಸಿ. ವೈಫೈಯಲ್ಲಿ 5 ಗಿಗಾಹರ್ಟ್ಸ್ ವೇಗವಾದರೂ ಗೋಡೆ ದಾಟಲು ಸೋಲುತ್ತದೆ, 2.4 ಗಿಗಾಹರ್ಟ್ಸ್ ನಿಧಾನವಾದರೂ ಗೋಡೆ ದಾಟುತ್ತದೆ. ಕೆಲಸ ಮಾಡುವ ಮೇಜಿಗಂತೂ ಲ್ಯಾನ್ ಕೇಬಲ್ ಎಳೆಸಿ. ನೂರು ಮೀಟರ್‌ವರೆಗೆ ಅದು ನಷ್ಟವಿಲ್ಲದೆ ಕೊಂಡೊಯ್ಯುತ್ತದೆ. ಕಂಪನಿ ಹೇಳಿದ ವೇಗ ಬಂದಿದೆಯೇ ಎಂದು ನೋಡುವಾಗಲೂ ಈ ಕೇಬಲ್ ಸೇರಿಸಿಯೇ ಪರೀಕ್ಷಿಸಿ. ವೈಫೈಯಲ್ಲಿ ನೋಡಿ ದೂರು ಕೊಟ್ಟರೆ ಅವರು ನಿಮ್ಮ ಗೋಡೆಯನ್ನು ತೋರಿಸುತ್ತಾರೆ.

ನಿಮ್ಮ ಕೆಲಸ ಲೈನನ್ನೇ ನಂಬಿದ್ದರೆ ಇನ್ನೊಂದು ಆಸರೆ ಇಟ್ಟುಕೊಳ್ಳಿ. ಮನೆಯ ಲೈನ್ ಒಂದು ಕಂಪನಿಯದಾದರೆ ಮೊಬೈಲ್ ಸಿಮ್ ಇನ್ನೊಂದು ಕಂಪನಿಯದಿರಲಿ. ಮನೆಯ ಯಾವ ಮೂಲೆಯಲ್ಲಿ ಅದಕ್ಕೆ ಸಿಗ್ನಲ್ ಬರುತ್ತದೆ ಎಂದು ಮೊದಲೇ ನೋಡಿಡಿ. ಲೈನ್ ಹೋದ ದಿನ ವಿಡಿಯೊ ನಿಲ್ಲಿಸಿ ಬರೀ ಮಾತಿನಲ್ಲಿ ಮೀಟಿಂಗ್ ಮುಗಿಸಲು ಅಷ್ಟು ಸಾಕು.

ದೂರು ಕೊಡಬೇಕಾಗಿ ಬಂದರೆ ಕ್ರಮವಾಗಿ ಕೊಡಿ. ಸಿಟ್ಟಿನಲ್ಲಿ ಕೂಗಾಡಿದರೆ ದಾಖಲೆ ಉಳಿಯುವುದಿಲ್ಲ. ಕಸ್ಟಮರ್ ಕೇರಿಗೆ ದೂರು ಕೊಟ್ಟು ಡಾಕೆಟ್ ನಂಬರ್ ಬರೆದುಕೊಳ್ಳಿ. ಎಷ್ಟು ದಿನ ಲೈನ್ ಇರಲಿಲ್ಲ ಎಂದು ದಿನಾಂಕ ಸಮೇತ ಗುರುತಿಡಿ, ಅಷ್ಟು ದಿನದ ಬಾಡಿಗೆ ಬಿಡಲು ಕೇಳಿ. ಅಲ್ಲಿ ಆಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಿರಿ. 2012ರ ಟ್ರಾಯ್ ನಿಯಮಾವಳಿಯಲ್ಲೇ ಆ ವ್ಯವಸ್ಥೆ ಇದೆ. ಅದಕ್ಕೂ ಮೇಲೆ 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ, ಜಿಲ್ಲಾ ಗ್ರಾಹಕ ಆಯೋಗ ಇದೆ. ದೂರಸಂಪರ್ಕ ಸೇವೆಯ ದೂರುಗಳನ್ನೂ ಗ್ರಾಹಕ ನ್ಯಾಯಾಲಯಗಳು ವಿಚಾರಿಸಬಹುದು ಎಂದು ಸುಪ್ರೀಂ ಕೋರ್ಟ್ 2022ರ ಫೆಬ್ರವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ನೀವು ಓದಿದ ಮಕ್ಕಳು. ನಮ್ಮ ಕಾಲದವರು ‘ಏನೋ ಹೋಗಲಿ’ ಎಂದು ಬಿಟ್ಟದ್ದನ್ನು ನೀವು ಬಿಡಬೇಕಿಲ್ಲ.

ಕೊನೆಯದಾಗಿ, ಒಬ್ಬರೇ ಹೋಗಿ ಕೇಳಬೇಡಿ, ಕೂಡಿ ಕೇಳಿ. ಒಂದು ಮನೆಗೆ ಎರಡು ಕಿಲೋಮೀಟರ್ ಫೈಬರ್ ಎಳೆಯಲು ಯಾವ ಕಂಪನಿಗೂ ಪೂರೈಸದು. ಅದೇ ದಾರಿಯ ಹತ್ತು ಮನೆಯವರು ಒಟ್ಟಾಗಿ ಅರ್ಜಿ ಕೊಟ್ಟರೆ ಅವರಿಗೂ ಲೆಕ್ಕ ಕೂಡುತ್ತದೆ, ನಿಮಗೂ ಖರ್ಚು ಇಳಿಯುತ್ತದೆ. 2011ರಲ್ಲಿ ಒಪ್ಪಿಗೆ ಪಡೆದು ಈಗ ಭಾರತ್‌ನೆಟ್ ಎಂದು ಕರೆಯುವ ಯೋಜನೆಯ ಉದ್ದೇಶವೇ ಗ್ರಾಮ ಪಂಚಾಯಿತಿಗಳವರೆಗೆ ಫೈಬರ್ ತರುವುದು. ನಿಮ್ಮ ಪಂಚಾಯಿತಿಗೆ ಅದು ಬಂದಿದೆಯೇ, ನಡೆಯುತ್ತಿದೆಯೇ, ಅಲ್ಲಿಂದ ಮನೆಗಳಿಗೆ ಕೊಡಲು ಸಾಧ್ಯವೇ ಎಂದು ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ. ನಿಮಗೆ ಲೈನ್ ಸಿಕ್ಕ ಮೇಲೂ ಕೇರಿಯ ಕೊನೆಯ ಮನೆಗೆ ಸಿಗದಿದ್ದರೆ ಅವರ ಪರವಾಗಿಯೂ ಕೇಳಿ. ಆ ಮನೆಯಲ್ಲೂ ಓದುವ ಮಕ್ಕಳಿದ್ದಾರೆ.

ಮಕ್ಕಳೇ, ನಮಗೆ ನೀವು ಊರಲ್ಲಿ ಉಳಿಯಬೇಕು. ಅದಕ್ಕೆ ಬೇಕಾದ್ದು 300ರ ಲೈನಲ್ಲ. ಹಗಲೂ ರಾತ್ರಿಯೂ 40 ಕೊಡುವ, ಮಳೆಯಲ್ಲಿ ಹೋದರೂ ಮಾರನೆಯ ದಿನಕ್ಕೆ ಮರಳುವ ಲೈನ್. ಅಂಥದನ್ನು ಕೇಳಿ, ಪರೀಕ್ಷಿಸಿ, ಆಮೇಲೆ ಹಣ ಕಟ್ಟಿ.